ಕೀಲಿಮಣೆ ಯಾರ ಕೈಗೆ?

ಡಿಟಿಪಿ ಅಂಗಡಿ ನಡೆಯುವುದು ಬೇರೆಯವರಿಗೆ ಬಾರದ ಕೆಲಸದ ಮೇಲೆ. ಬಸವೇಶ್ವರನಗರದ ತುಂಬ ಕನ್ನಡ ಬಲ್ಲವರಿದ್ದರೂ ಅದನ್ನು ಯಂತ್ರದಲ್ಲಿ ಮೂಡಿಸಬಲ್ಲವರು ಕೆಲವೇ ಮಂದಿ ಇದ್ದ ಕಾಲದಲ್ಲಿ ನಾನು ಇಲ್ಲಿ ಅಂಗಡಿ ಇಟ್ಟೆ. ಕೆಎಚ್‌ಬಿ ಕಾಲೊನಿಯ ಲಗ್ನಪತ್ರಿಕೆ, ಕಮಲಾನಗರದ ಗಣೇಶೋತ್ಸವದ ಕರಪತ್ರ, ಕಾಮಾಕ್ಷಿಪಾಳ್ಯದ ವರ್ಕ್‌ಷಾಪುಗಳ ಬಿಲ್ ಪುಸ್ತಕ, ಬಾಡಿಗೆ ಕರಾರು, ವೈಕುಂಠ ಸಮಾರಾಧನೆಯ ಕಾಗದ, ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಈಗ ಇದರಲ್ಲಿ ಬಹುಪಾಲನ್ನು ಜನ ತಾವೇ ಮಾಡಿಕೊಳ್ಳುತ್ತಾರೆ. ನನ್ನ ಗಿರಾಕಿ ಕಡಿಮೆಯಾದ ಕಥೆಯೇ ಕನ್ನಡದ ಯಂತ್ರಗಳು ಸುಧಾರಿಸಿದ ಕಥೆ. ಹೇಳುವುದಕ್ಕೆ ಬೇಸರವಿಲ್ಲ, ಆ ಸುಧಾರಣೆ ಎಲ್ಲಿಗೆ ಬಂದು ನಿಂತಿತು ಎಂಬುದೂ ನನ್ನ ಅಂಗಡಿಯಿಂದಲೇ ಚೆನ್ನಾಗಿ ಕಾಣುತ್ತದೆ.

ಮೊದಲು ಟೈಪ್‌ರೈಟರ್. 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಅದರ ಕೆಳಗೆ ಒತ್ತಕ್ಷರ: ಇಷ್ಟನ್ನೂ ಇಂಗ್ಲಿಷಿಗೆಂದು ಮಾಡಿದ ನಾಲ್ಕು ಸಾಲು ಕೀಲಿಗಳಲ್ಲಿ ಹಿಡಿಸಬೇಕಿತ್ತು. ಕೆ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆ ಅದನ್ನು ಸಾಧಿಸಿತು. ಅಕ್ಷರದ ಒಡಲು, ಗುಣಿತದ ಚಿಹ್ನೆ, ಒತ್ತು ಬೇರೆ ಬೇರೆ ತುಂಡುಗಳಾದವು. ಅವನ್ನು ಕಾಗದದ ಮೇಲೆ ಕೂಡಿಸುವುದು ಟೈಪಿಸ್ಟಿನ ಜವಾಬ್ದಾರಿ. ರಾಜಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆಂದು ನಾವು ಕಲಿತದ್ದು ಬೆರಳಿನ ಕವಾಯತು. 1963ರ ಕಾಯ್ದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿದ ಮೇಲೆ ಕಚೇರಿಗಳಿಗೆ ಇಂಥ ಬೆರಳುಗಳೇ ಬೇಕಾಗಿದ್ದವು. ಮನುಷ್ಯ ಯಂತ್ರಕ್ಕೆ ಒಗ್ಗಿಕೊಳ್ಳುವುದು ಆಗ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಒಗ್ಗಿಕೊಂಡವರಿಗೆ ನೌಕರಿ, ಉಳಿದವರಿಗೆ ಕೋರ್ಟಿನ ಮುಂದೆ ಕೂತ ಟೈಪಿಸ್ಟು.

ಕಂಪ್ಯೂಟರ್ ಬಂತು, ತುಂಡುಗಳು ಹೋಗಲಿಲ್ಲ. ಪೇಜ್‌ಮೇಕರಿನಲ್ಲಿ ಬಳಸುತ್ತಿದ್ದ ಕನ್ನಡದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ನನ್ನಲ್ಲಿ ಮಾಡಿದ ಫೈಲನ್ನು ಬೇರೆ ಫಾಂಟಿರುವ ಪ್ರೆಸ್ಸಿಗೆ ಕೊಟ್ಟರೆ ವಧೂವರರ ಹೆಸರು ಹೋಗಿ, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತಿತ್ತು. ಒಮ್ಮೆ ಒಂದು ಅಂಗಡಿ ಹಿಡಿದ ಗಿರಾಕಿ ಮುಂದಿನ ಮದುವೆಗೂ ಅಲ್ಲಿಗೇ ಬರಬೇಕಾಗುತ್ತಿತ್ತು. ನಮ್ಮ ವ್ಯಾಪಾರಕ್ಕೆ ಅದು ಅನುಕೂಲವೇ ಆಯಿತು.

ಇದೇ ಹೊತ್ತಿನಲ್ಲಿ ಕೀಲಿಗಳ ಜೋಡಣೆಯ ಬಗ್ಗೆ ಮೂರು ಬಗೆಯ ಯೋಚನೆ ನಡೆದಿತ್ತು. ಕೇಂದ್ರ ಸರ್ಕಾರದ ಮಾನಕವಾದ ಇನ್‌ಸ್ಕ್ರಿಪ್ಟ್ ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಲಗೈಗೂ ಕೊಟ್ಟಿತು. ಹಿಂದಿಗೆ ಕಲಿತವರು ಅದೇ ಬೆರಳಿನಲ್ಲಿ ಕನ್ನಡವನ್ನೂ ಹೊಡೆಯಬಹುದು. ತರ್ಕ ಅಚ್ಚುಕಟ್ಟು. ಆದರೆ ಎಸ್‌ಪಿ ರಸ್ತೆಯಿಂದ ತಂದ ಕೀಲಿಮಣೆಯ ಮೇಲೆ ಅಚ್ಚಾಗಿದ್ದದ್ದು ಇಂಗ್ಲಿಷ್ ಅಕ್ಷರ. ಹೊಸಬರ ಕಣ್ಣು ಹೋಗುವುದೇ ಅಲ್ಲಿಗೆ.

ಕೆ.ಪಿ. ರಾವ್ ಆ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಅವರಿಗೆ ಅಕ್ಷರ ಜೋಡಣೆಯ ತಂತ್ರದ ಒಳಹೊರಗು ಗೊತ್ತಿತ್ತು. ಇಂಗ್ಲಿಷಿನ 26 ಕೀಲಿಗಳಲ್ಲೇ ಅವರು ಕನ್ನಡವನ್ನು ಮುಗಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟಿನ ಜೊತೆ ಒತ್ತಿದರೆ ಖ. ವ್ಯಂಜನದ ಮುಂದೆ ‘ಐ’ ಒತ್ತಿದರೆ ಅದು ತಾನಾಗಿ ಗುಡಿಸಾಗುತ್ತದೆ. ಗುಣಿತಕ್ಕೆ ಬೇರೆ ಕೀಲಿ ಬೇಡ. ‘ಎಫ್’ ಒತ್ತಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ಇಂಗ್ಲಿಷಿನಲ್ಲಿ ಜೋಡಿಯಿಲ್ಲದ ಟ, ಡ ಮಾತ್ರ ‘ಕ್ಯೂ’, ‘ಡಬ್ಲ್ಯೂ’ ಕೀಲಿಗಳಿಗೆ ಹೋದವು; ನೆನಪಿಡಬೇಕಾದದ್ದು ಅಂಥ ಕೆಲವೇ. ಬಾಯಿ ಹೇಳುವ ಕ್ರಮದಲ್ಲಿ ಬೆರಳು ಹೋದರೆ ಸಾಕು, ತುಂಡು ಕೂಡಿಸುವ ತಲೆನೋವು ಕಂಪ್ಯೂಟರಿನದು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಇದನ್ನು ಜನಕ್ಕೆ ಉಚಿತವಾಗಿ ಕೊಟ್ಟರು. ಮುಂದೆ ರಾಜ್ಯ ಸರ್ಕಾರ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದನ್ನೇ ಅಧಿಕೃತ ವಿನ್ಯಾಸವಾಗಿ ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ತಾಲ್ಲೂಕು ಕಚೇರಿಯಿಂದ ನನ್ನ ಅಂಗಡಿಯವರೆಗೂ ಬಂತು. ಅನಂತ ಕೀಲಿಮಣೆಯಲ್ಲಿ ಪಳಗಿದ ನಮ್ಮಂಥವರು ಗೊಣಗಿದೆವು. ಅಂಗಡಿಗೆ ಹೊಸದಾಗಿ ಸೇರಿದ ಪಿಯುಸಿ ಹುಡುಗಿಯರು ನಮಗಿಂತ ಬೇಗ ಕೈ ಹತ್ತಿಸಿಕೊಂಡರು.

ಮೂರನೆಯ ದಾರಿ ಶೇಷಾದ್ರಿವಾಸು ಚಂದ್ರಶೇಖರನ್ ಅವರದು. ಅವರ ‘ಬರಹ’ 1998ರಲ್ಲಿ ಹೊರಬಂತು. ಕನ್ನಡವನ್ನು ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಬರೆದರೆ ಅದು ಕನ್ನಡ ಲಿಪಿಗೆ ತಿರುಗಿಸಿ ಕೊಡುತ್ತಿತ್ತು. ಟೈಪಿಂಗ್ ಶಾಲೆಯ ಮೆಟ್ಟಿಲು ಹತ್ತದವರಿಗೆಂದೇ ಮಾಡಿದಂತಿತ್ತು. ಅಮೆರಿಕದಲ್ಲಿದ್ದ ಮಗ ತಂಗಿಯ ಲಗ್ನಪತ್ರಿಕೆಯ ಒಕ್ಕಣೆಯನ್ನು ಬರಹದಲ್ಲಿ ತಾನೇ ಟೈಪು ಮಾಡಿ ಇ-ಮೇಲಿನಲ್ಲಿ ಕಳಿಸಿದಾಗ, ನನ್ನ ಪಾಲಿಗೆ ಉಳಿದದ್ದು ಗಣಪತಿಯ ಚಿತ್ರ ಕೂರಿಸುವುದು, ಬಾರ್ಡರ್ ಹಾಕುವುದು. ಫಾಂಟಿನ ಗೋಜಲೂ ಹೆಚ್ಚು ಕಾಲ ಉಳಿಯಲಿಲ್ಲ. ಯೂನಿಕೋಡ್ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪುವ ಒಂದೇ ಸಂಖ್ಯೆ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಕಂಪ್ಯೂಟರಿನ ಜೊತೆಗೇ ಬಂತು. ಆಮೇಲೆ ಮೊಬೈಲು, ಅದರ ಹಿಂದೆಯೇ ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರವಾಗುವ ಸೌಲಭ್ಯ. ಕೀಲಿಯನ್ನೇ ಮುಟ್ಟದ ಅಜ್ಜಿಯರು ಈಗ ವಾಟ್ಸ್‌ಆ್ಯಪಿನಲ್ಲಿ ಕನ್ನಡ ಬರೆಯುತ್ತಾರೆ.

ಬರೆಯುವುದು ಸುಲಭವಾದರೆ ಕೆಲಸ ಸುಲಭವಾಯಿತೆಂದು ಅರ್ಥವಲ್ಲ. ಇದನ್ನು ಬೇಗ ಕಂಡುಕೊಂಡದ್ದು ನಮ್ಮ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ಆ ಕೆಲಸದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2001ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ ರೈತ 15 ರೂಪಾಯಿ ಕೊಟ್ಟು ಪಹಣಿ ಪಡೆಯತೊಡಗಿದ. ಅಲ್ಲಿ ನನಗೆ ಬಹಳ ಇಷ್ಟವಾದದ್ದು ಎರಡನೆಯ ಪರದೆ. ಗುಮಾಸ್ತನ ಪರದೆಯಲ್ಲದೆ ಇನ್ನೊಂದನ್ನು ಕೌಂಟರಿನ ಹೊರಗೆ ನಿಂತವರ ಕಡೆ ತಿರುಗಿಸಿಟ್ಟಿದ್ದರು. ತನ್ನ ಸರ್ವೆ ನಂಬರಿನ ಮುಂದೆ ಏನು ಬರುತ್ತಿದೆ ಎಂದು ರೈತ ನಿಂತಲ್ಲೇ ನೋಡಬಹುದು. ಲಗ್ನಪತ್ರಿಕೆಯ ಕರಡು ತಿದ್ದುವ ಅಂಗಡಿಯವಳಿಗೆ ಇದರ ಬೆಲೆ ಗೊತ್ತು. ನನ್ನ ಮಾನಿಟರನ್ನು ಗಿರಾಕಿಯ ಕಡೆ ತಿರುಗಿಸಿದ ದಿನದಿಂದ ಸೋದರಮಾವನ ಹೆಸರು ಬಿಟ್ಟುಹೋಯಿತೆಂಬ ಜಗಳ ನಿಂತಿತು.

ಇವತ್ತು ನನ್ನಲ್ಲಿಗೆ ಬರುವವರು ಆನ್‌ಲೈನ್ ಅರ್ಜಿ ಹಿಡಿದು ಬರುತ್ತಾರೆ. ಅರ್ಜಿ ಕನ್ನಡದಲ್ಲೇ ಇರುತ್ತದೆ, ಆದರೆ ಅದನ್ನು ರೂಪಿಸಿದವರ ಮನಸ್ಸಿನಲ್ಲಿ ಕನ್ನಡದ ಮನೆ ಇರುವುದಿಲ್ಲ. ‘ಕೊನೆಯ ಹೆಸರು’ ಕಡ್ಡಾಯ ಎನ್ನುತ್ತದೆ ಒಂದು. ನಮ್ಮಲ್ಲಿ ಇರುವುದು ಇನಿಷಿಯಲ್: ಮೊದಲು ಊರು, ಆಮೇಲೆ ಅಪ್ಪನ ಹೆಸರಿನ ಮೊದಲಕ್ಷರ. ಚುಕ್ಕಿ ಹಾಕಿದರೆ ಅರ್ಜಿ ಮುಂದಕ್ಕೆ ಹೋಗದು. ಬರೀ ಲಕ್ಷ್ಮಮ್ಮ ಆಗಿರುವವರು ಎರಡನೆಯ ಖಾನೆಯಲ್ಲಿ ಗಂಡನ ಹೆಸರು ಬರೆಯುತ್ತಾರೆ, ಇಲ್ಲವೇ ಲಕ್ಷ್ಮಮ್ಮ ಲಕ್ಷ್ಮಮ್ಮ ಆಗುತ್ತಾರೆ. ಆಧಾರ್‌ನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಎರಡೂ ತಾಳೆಯಾಗುವುದಿಲ್ಲ. ಒಟಿಪಿ ಹೋಗುವುದು ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿರುವ ಮಗನ ಫೋನಿಗೆ. ಅವನು ಕರೆ ಎತ್ತಿ ನಂಬರು ಹೇಳುವಷ್ಟರಲ್ಲಿ ಸಮಯ ಮೀರಿ, ತುಂಬಿದ್ದೆಲ್ಲ ಅಳಿಸಿಹೋಗಿರುತ್ತದೆ.

ಟೈಪ್‌ರೈಟರಿನ ಇಕ್ಕಟ್ಟಿಗೆ ಕಬ್ಬಿಣದ ಕಾರಣವಿತ್ತು. ಕೀಲಿಗಳು ಇದ್ದದ್ದೇ ಅಷ್ಟು. ಅರ್ಜಿಯ ಖಾನೆಗೆ ಅಂಥ ಯಾವ ಕಟ್ಟೂ ಇಲ್ಲ. ಇನಿಷಿಯಲ್‌ಗೆ ಜಾಗ ಬಿಡುವುದು, ತುಂಬಿದ್ದನ್ನು ಉಳಿಸಿಡುವುದು, ಒಟಿಪಿಗೆ ಇನ್ನೊಂದಿಷ್ಟು ನಿಮಿಷ ಕೊಡುವುದು ‘ಎಫ್’ ಕೀಲಿಗೆ ಒತ್ತಕ್ಷರ ಕಲಿಸಿದ್ದಕ್ಕಿಂತ ಕಷ್ಟದ ಕೆಲಸವೇನಲ್ಲ. ಅರ್ಜಿಯೊಂದು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನನ್ನದೊಂದು ಸುಲಭದ ಅಳತೆ ಇದೆ: ಅದು ಬಂದ ವಾರ ನನ್ನ ಅಂಗಡಿಯ ಮುಂದಿನ ಸಾಲು ಉದ್ದವಾಯಿತೇ? ತುಂಬಿಕೊಟ್ಟದ್ದಕ್ಕೆ ನಾನು ದುಡ್ಡು ಪಡೆಯುತ್ತೇನೆ, ಅದು ನನ್ನ ಕಸುಬು. ಲಗ್ನಪತ್ರಿಕೆಗೆ ಪಡೆದದ್ದು ಕೂಲಿ. ಅರ್ಜಿಗೆ ಪಡೆಯುವುದು ಅದನ್ನು ರೂಪಿಸಿದವರ ಪರವಾಗಿ ಲಕ್ಷ್ಮಮ್ಮನವರು ಕಟ್ಟುವ ದಂಡ.