ಅರಗುವುದು ಮತ್ತು ಮೈಗೆ ಹತ್ತುವುದು

ಒಲೆಯ ಮೇಲಣ ಅಡುಗೆಗೂ ಒಡಲಿನೊಳಗಣ ಜೀರ್ಣಕ್ರಿಯೆಗೂ ನಮ್ಮಲ್ಲಿ ಒಂದೇ ಹೆಸರು ಸಲ್ಲುತ್ತದೆ: ಪಚನ. ಜಠರದಲ್ಲಿ ಅಗ್ನಿಯೊಂದಿದ್ದು ಅದು ಅನ್ನವನ್ನು ಪಕ್ವಗೊಳಿಸುತ್ತದೆಂದು ಆಯುರ್ವೇದದ ಆಚಾರ್ಯರು ಭಾವಿಸಿದ್ದರು. ಪ್ರಾಚೀನ ಗ್ರೀಕರ ಎಣಿಕೆಯೂ ಇದಕ್ಕೆ ದೂರವಾದುದಲ್ಲ. ಮುಂದೆ ಯೂರೋಪಿನಲ್ಲಿ ವಾದವೆದ್ದಿತು: ಹೊಟ್ಟೆ ಅನ್ನವನ್ನು ಬೇಯಿಸುತ್ತದೆಯೋ, ಅರೆಯುತ್ತದೆಯೋ, ಹುಳಿಸುತ್ತದೆಯೋ?

1752ರಲ್ಲಿ ಫ್ರಾನ್ಸಿನ ರೇಮ್ಯೂರ್, ತೂತುಗಳುಳ್ಳ ಲೋಹದ ಕೊಳವೆಯಲ್ಲಿ ಮಾಂಸವಿಟ್ಟು ಸಾಕಿದ ಗಿಡುಗನಿಗೆ ನುಂಗಿಸಿದನು. ಹಕ್ಕಿ ಕಾರಿದಾಗ ಕೊಳವೆ ಜಜ್ಜಿರಲಿಲ್ಲ, ಮಾಂಸ ಮಾತ್ರ ಕರಗಿತ್ತು. ಅರೆದದ್ದಲ್ಲ, ರಸವೊಂದು ಕರಗಿಸಿದ್ದು. 1822ರಲ್ಲಿ ಅಮೆರಿಕದಲ್ಲಿ ಸೇಂಟ್ ಮಾರ್ಟಿನ್ ಎಂಬ ಬಡ ಕೂಲಿಯಾಳಿಗೆ ಗುಂಡೇಟು ತಗುಲಿ ಜಠರದಲ್ಲಿ ರಂಧ್ರವಾಯಿತು. ಆತ ಬದುಕಿದ, ರಂಧ್ರ ಮುಚ್ಚಲಿಲ್ಲ. ವೈದ್ಯ ಬ್ಯೂಮಾಂಟ್ ರೇಷ್ಮೆಯ ದಾರಕ್ಕೆ ಆಹಾರದ ತುಣುಕು ಕಟ್ಟಿ ಅದರೊಳಗಿಳಿಸಿ, ಎಷ್ಟು ಹೊತ್ತಿಗೆ ಏನು ಕರಗಿತೆಂದು ಬರೆದಿಟ್ಟು, 1833ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಬಡವನೊಬ್ಬನ ವಾಸಿಯಾಗದ ಗಾಯವೇ ಶಾಸ್ತ್ರಕ್ಕೆ ಕಿಟಕಿಯಾಯಿತು.

ಅನ್ನದ ಪಿಷ್ಟ ಬಾಯಿಯ ಎಂಜಲಿನಲ್ಲಿಯೇ ಒಡೆಯತೊಡಗುತ್ತದೆ. ಜಠರದ ಆಮ್ಲ ಸಸಾರಜನಕವನ್ನು ಸಡಿಲಿಸುತ್ತದೆ. ಮುಖ್ಯ ಕಾರ್ಯವೆಲ್ಲ ಇಪ್ಪತ್ತು ಅಡಿಗಳಷ್ಟು ಉದ್ದದ ಸಣ್ಣಕರುಳಿನದು. ಅದರ ಒಳಗೋಡೆಯ ಅಸಂಖ್ಯ ಸೂಕ್ಷ್ಮ ಕುಚ್ಚುಗಳು ಸಾರವನ್ನು ಹೀರಿ ರಕ್ತಕ್ಕೊಪ್ಪಿಸುತ್ತವೆ. ಇಷ್ಟು ತಿಳಿದರೆ ಸಾಕೆಂದು ಒಂದು ಕಾಲದಲ್ಲಿ ವಿದ್ವಾಂಸರಿಗೂ ತೋರಿತ್ತು.

ಆದರೆ 1890ರ ದಶಕದಲ್ಲಿ ಜಾವಾದ್ವೀಪದಲ್ಲಿ ಐಕ್‌ಮನ್ನನು ಒಂದು ವಿಚಿತ್ರವನ್ನು ಕಂಡನು. ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋತವು. ತೌಡುಳ್ಳ ಅಕ್ಕಿ ಕೊಟ್ಟೊಡನೆ ಚೇತರಿಸಿಕೊಂಡವು. ಮನುಷ್ಯರನ್ನು ಕಾಡುತ್ತಿದ್ದ ಬೆರಿಬೆರಿ ರೋಗಕ್ಕೂ ಇದೇ ಮೂಲ. ಬಿಳಿ ಅನ್ನ ಚೆನ್ನಾಗಿಯೇ ಅರಗುತ್ತದೆ. ಆದರೆ ಅರಗಿ ಬಂದ ಸಕ್ಕರೆಯನ್ನು ಜೀವಕೋಶಗಳು ಶಕ್ತಿಯಾಗಿ ಪರಿವರ್ತಿಸಲು ಬೇಕಾದ ಥಯಾಮಿನ್ ಎಂಬ ಬಿ-1 ಜೀವಸತ್ವ ತೌಡಿನೊಡನೆ ಹೋಗಿಬಿಟ್ಟಿರುತ್ತದೆ. ಅರಗುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬ ನಮ್ಮ ಹಿರಿಯರ ಮಾತಿಗೆ ನಾನು ಇಲ್ಲಿ ಹೊಸ ಅರ್ಥವನ್ನು ಕಾಣುತ್ತೇನೆ.

ಈಗ ಶಿರ್ವದ ಕಡೆಗೆ ಬರೋಣ. ಇಲ್ಲಿಯ ಊಟ ಕುಚ್ಚಲಕ್ಕಿಯದು. ಬತ್ತವನ್ನು ನೀರಿನಲ್ಲಿ ನೆನೆಸಿ, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಕುಟ್ಟುವುದು ಹಿಂದಿನಿಂದ ಬಂದ ಕ್ರಮ. ಬೆಂದ ಬತ್ತದ ಕಾಳು ಗಟ್ಟಿಯಾಗುತ್ತದೆ, ಕುಟ್ಟುವಾಗ ನುಚ್ಚಾಗುವುದು ಕಡಿಮೆ. ಇದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭವೆಂದರೆ, ನೆನೆದು ಬೇಯುವಾಗ ಹೊರಪದರದ ಜೀವಸತ್ವ ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ತೌಡು ತೆಗೆದರೂ ಒಂದು ಪಾಲು ಉಳಿಯುತ್ತದೆ. ಗಂಜಿ ಉಣ್ಣುವವರು ತೆಳಿಯನ್ನೂ ಕುಡಿಯುವುದರಿಂದ ಬಸಿದ ನೀರಿನಲ್ಲಿ ಹೋಗಬಹುದಾದುದೂ ಒಡಲು ಸೇರುತ್ತದೆ.

ದಕ್ಷಿಣ ಕನ್ನಡವು ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿಯೇ ಇದಕ್ಕೆ ಸಾಕ್ಷ್ಯ ದೊರೆಯಿತು. ಕೂನೂರಿನ ಮೆಕ್ಯಾರಿಸನ್ ಮತ್ತು ನಾರಿಸ್ 1924ರಲ್ಲಿ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧವನ್ನು ಕುರಿತು ಬರೆದರು. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವ ತೆಲುಗು ಕರಾವಳಿಯ ಜಿಲ್ಲೆಗಳಲ್ಲಿ ಆ ರೋಗವಿತ್ತು. ಕುಚ್ಚಲಕ್ಕಿಯ ನಾಡುಗಳಲ್ಲಿ ಅದು ವಿರಳ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಬತ್ತವನ್ನು ಬಿಸಿನೀರಿನಲ್ಲಿ ನೆನೆಸುವ ಸುಧಾರಿತ ವಿಧಾನವನ್ನು ರೂಪಿಸಿ, ಈ ಹಳೆಯ ಕಸುಬನ್ನು ಗಿರಣಿಗೆ ಹೊಂದಿಸಿತು.

ಹಾಗೆಂದು ಗಂಜಿಯೊಂದೇ ಅಮೃತವೆಂದು ನಾನು ಹೇಳಲಾರೆ. ಮೆಕ್ಯಾರಿಸನ್ನನು ಇಲಿಗಳಿಗೆ ಬೇರೆಬೇರೆ ಪ್ರಾಂತಗಳ ಆಹಾರ ಉಣಿಸಿ ನೋಡಿದಾಗ ಹಾಲು, ಬೇಳೆ, ತರಕಾರಿಗಳಿದ್ದ ಪಂಜಾಬಿನ ಊಟ ಮೇಲಾಯಿತು. ಅಕ್ಕಿಯನ್ನೇ ನೆಚ್ಚಿದ ಊಟ ಹಿಂದೆ ಬಿದ್ದಿತು. ಗಂಜಿಯ ಬಟ್ಟಲ ಪಕ್ಕದಲ್ಲಿ ಹುರುಳಿಯೋ ಮೀನೋ ಸೊಪ್ಪೋ ಇರಲೇಬೇಕು. ಬಡವರ ಮನೆಗಳಲ್ಲಿ ಅಲ್ಲಿ ಉಪ್ಪಿನಕಾಯಿಯ ಹೋಳಷ್ಟೇ ಇರುತ್ತಿದ್ದ ದಿನಗಳನ್ನು ಚರಿತ್ರೆ ಮರೆಯಬಾರದು. ಬೆಳ್ಳಗಿನ ಅನ್ನವೇ ಅಂತಸ್ತಿನ ಗುರುತಾಗುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ತಟ್ಟೆಯಲ್ಲಿ ಇರುವುದರಲ್ಲಿ ಮೈಗೆ ಹತ್ತುವುದು ಎಷ್ಟು?