ಪುನರುತ್ಥಾನವನ್ನು ಹಾಡುವ ಛಂದಸ್ಸು: ಮಂಗಳೂರಿನ ಪರಂಪರೆಯ ಒಂದು ಪ್ರಶ್ನೆ

1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಸುವಾರ್ತೆಯೊಂದಿಗೆ ಅವರು ಜರ್ಮನ್ ಸಭೆಯ ಕೋರಲ್ ಗಾನವನ್ನೂ ತಂದರು. ಮುಂದೆ ಮೋಗ್ಲಿಂಗ್, ವೈಗ್ಲೆ ಮೊದಲಾದವರು ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದಾಗ ಅವುಗಳಲ್ಲಿ ಬಹುಪಾಲು ಆ ರಾಗಗಳಿಗೇ ಹೊಂದಿಕೊಂಡವು. ಈಸ್ಟರ್ ಮುಂಜಾನೆ ಬಲ್ಮಠದ ಸಭೆಯು ನಾಲ್ಕು ಧ್ವನಿಗಳಲ್ಲಿ ಹಾಡುವುದು ಈ ಪರಂಪರೆಯ ಫಲ.

ಆದರೆ ಇಲ್ಲಿ ಒಂದು ತೊಡಕಿತ್ತು. ಕೋರಲಿನ ನಡೆ ಉಚ್ಚಾರದ ಒತ್ತನ್ನು ಅವಲಂಬಿಸಿದೆ. ಕನ್ನಡ ಪದ್ಯದ ನಡೆ ಲಘು ಗುರುಗಳ ಮಾತ್ರೆಯನ್ನು ಅವಲಂಬಿಸಿದೆ. ಅನೇಕ ಕೋರಲ್‌ಗಳು ಒತ್ತಿಲ್ಲದ ಸ್ವರದಿಂದ ತೊಡಗುತ್ತವೆ. ಅಲ್ಲಿ 'ಎದ್ದನು' ಎಂದು ಹಾಡಿದರೆ ಗುರುವಾದ ಮೊದಲ ಅಕ್ಷರವು ಹಗುರವಾಗಿ, ಲಘುವಾದ ನಡುವಣ ಅಕ್ಷರವು ಭಾರವಾಗುತ್ತದೆ. ಹಬ್ಬದ ಮುಖ್ಯ ಕ್ರಿಯಾಪದವೇ ಹೀಗೆ ಕುಗ್ಗುತ್ತದೆ.

ಈ ಅಂತರವನ್ನು ಆಳವಾಗಿ ಅರಿತವರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಒಬ್ಬರು. 1853ರಲ್ಲಿ ಭಾರತಕ್ಕೆ ಬಂದ ಅವರು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಭಾರತೀಯ ಕಾವ್ಯರೀತಿಯಲ್ಲಿ ನಿರೂಪಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಮುದ್ರಿಸಿದರು. 1894ರ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿಯೇ ಅವರನ್ನು ಸ್ಮರಿಸುವ ನಾವು ಈ ಎರಡು ಗ್ರಂಥಗಳನ್ನು ಜೊತೆಯಾಗಿ ಓದಬೇಕು. ನಾಡಿನ ಛಂದಸ್ಸನ್ನು ಕಲಿಯುವುದೂ ಸುವಾರ್ತಾಸೇವೆಯ ಭಾಗವೆಂಬುದು ಆಗ ತೋರುತ್ತದೆ.

ಇದು ಕೇವಲ ಕಿವಿಗೆ ಸಂಬಂಧಿಸಿದ ವಿಷಯವಲ್ಲ. ಪೌಲನು 1 ಕೊರಿಂಥ 15:4ರಲ್ಲಿ ಬಳಸಿದ ಗ್ರೀಕ್ ಕ್ರಿಯಾಪದವು ಕರ್ಮಣಿ ಪ್ರಯೋಗದಲ್ಲಿದೆ: ಕ್ರಿಸ್ತನು ಎಬ್ಬಿಸಲ್ಪಟ್ಟನು. ಅ. ಕೃ. 2:24ರಲ್ಲಿ ಪೇತ್ರನು ಎಬ್ಬಿಸಿದಾತನು ದೇವರೇ ಎಂದು ಸ್ಪಷ್ಟವಾಗಿ ಸಾರುತ್ತಾನೆ. ಕೀರ್ತನಕಾರನಿಗಾದರೋ 'ಎದ್ದನು' ಎಂಬ ನಾಲ್ಕು ಮಾತ್ರೆಯ ಪದ ಸುಲಭ. 'ಎಬ್ಬಿಸಲ್ಪಟ್ಟನು' ಎಂಬ ಒಂಬತ್ತು ಮಾತ್ರೆಯ ಪದ ಕಠಿಣ. 'ಎದ್ದನು' ಎಂಬುದು ಸುಳ್ಳಲ್ಲ. ಆದರೆ ಅದನ್ನೊಂದನ್ನೇ ಹಾಡುವ ಸಭೆಗೆ ತಂದೆಯ ಕಾರ್ಯವು ಮರೆಯಾಗಬಹುದು.

ಕುಮಾರವ್ಯಾಸನಿಂದ ಮನೆಮಾತಾದ, ಕರಾವಳಿಯ ಯಕ್ಷಗಾನದಲ್ಲಿ ಇಂದಿಗೂ ಕೇಳಿಬರುವ ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳೋಣ. ಅದರ ಗಣಗಳು ಮೂರು, ನಾಲ್ಕು ಮಾತ್ರೆಗಳಾಗಿ ಸಾಗುತ್ತವೆ. 'ಪುನರುತ್ಥಾನ' ಎಂಬ ಪದವನ್ನು ಪಾದದ ಆದಿಯಲ್ಲಿಟ್ಟರೆ ಗಣ ಮುರಿಯುತ್ತದೆ. ನಾಲ್ಕರ ಗಣದಿಂದ ತೊಡಗಿಸಿದರೆ ನಾಲ್ಕು, ಮೂರಾಗಿ ಹೊಂದುತ್ತದೆ. 'ದೇವನೆಬ್ಬಿಸಿ' ಎಂಬುದಾದರೋ ಮೂರು, ನಾಲ್ಕಾಗಿ ಪಾದದ ಆದಿಯಲ್ಲೇ ನಿಲ್ಲುತ್ತದೆ. ಕರ್ಮಣಿ ಪ್ರಯೋಗದ ಭಾರವಿಲ್ಲದೆಯೇ ಅಪೊಸ್ತಲರ ಸಾಕ್ಷಿಯು ಕನ್ನಡದ ನಡೆಯಲ್ಲಿ ಉಳಿಯುತ್ತದೆ.

ಆದಕಾರಣ ಕೋರಲನ್ನು ತ್ಯಜಿಸಬೇಕಾಗಿಲ್ಲ. ಅನೇಕ ತಲೆಮಾರುಗಳು ಸಮಾಧಿಯ ಬಳಿ ಅದರಿಂದಲೇ ಸಾಂತ್ವನ ಹೊಂದಿವೆ. ಆದರೆ ಹೊಸ ಪುನರುತ್ಥಾನ ಗೀತೆಯನ್ನು ರಚಿಸುವ ಸೇವಕನು ರಾಗವನ್ನು ಆರಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಈ ಸಾಲಿನಲ್ಲಿ ಭಾರ ಬೀಳುವುದು ಯಾವ ಅಕ್ಷರದ ಮೇಲೆ? ಎಬ್ಬಿಸಿದಾತನ ಹೆಸರು ಇದರಲ್ಲಿ ಕೇಳಿಸುತ್ತದೆಯೇ?