ದೀಪ ಇನ್ನೂ ಬಿಸಿಯಾಗಿತ್ತು

ತಂದೆಯವರು ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯನ್ನು ತೆಗೆದು ನೋಡುವ ಕೆಲಸ ನನ್ನ ಪಾಲಿಗೆ ಬಂದಿತು. ಜಮೀನಿನ ಕಾಗದ, ಜಾತಕ, ಹಳೆಯ ಪಂಚಾಂಗ, ಇವುಗಳ ನಡುವೆ ಮಡಿಕೆ ಮಡಿಕೆಯಾಗಿ ಹಳದಿಗಟ್ಟಿದ ಒಂದು ರಸೀತಿ ಸಿಕ್ಕಿತು. 1964ನೆಯ ಇಸವಿ, ಮ್ಯಾಜಿಸ್ಟ್ರೇಟರ ಕೋರ್ಟು, ದಂಡ ಎರಡು ರೂಪಾಯಿ. ಅರವತ್ತು ವರ್ಷ ಅದನ್ನು ಅವರು ಏಕೆ ಕಾಪಾಡಿಟ್ಟರೆಂಬುದು ನಮ್ಮ ಮನೆಯವರಿಗೆಲ್ಲ ಗೊತ್ತು. ಆ ಕಥೆಯನ್ನು ಕೇಳುತ್ತಲೇ ನಾವು ಬೆಳೆದದ್ದು.

ಆಗ ಅವರು ಹಳ್ಳಿಯ ಶಾಲೆಯೊಂದರಲ್ಲಿ ಹೊಸದಾಗಿ ಮೇಷ್ಟರಾಗಿದ್ದರು. ಸಂಜೆ ಪೇಟೆಗೆ ಬಂದವರು ಕತ್ತಲಾದ ಮೇಲೆ ಸೈಕಲ್ಲಿನಲ್ಲಿ ಹೊರಟಿದ್ದರು. ಮುಂದಿನ ಸೀಮೆಎಣ್ಣೆಯ ದೀಪ ಗಾಳಿಗೆ ಆರಿತು. ಹತ್ತು ಮಾರು ಹೋಗುವಷ್ಟರಲ್ಲಿ ಪೋಲೀಸಿನವನು ಅಡ್ಡ ನಿಂತ. ದೀಪವಿಲ್ಲದೆ ರಾತ್ರಿ ಸೈಕಲ್ ತುಳಿಯುವುದು ಆ ಕಾಲದಲ್ಲಿ ದೊಡ್ಡ ಅಪರಾಧ. "ಈಗ ತಾನೆ ಆರಿತು ಸ್ವಾಮಿ, ಬೇಕಾದರೆ ಮುಟ್ಟಿ ನೋಡಿ, ಇನ್ನೂ ಬಿಸಿಯಾಗಿದೆ" ಎಂದರಂತೆ ಅಪ್ಪ. "ಅದನ್ನೆಲ್ಲ ನಾಳೆ ಸಾಹೇಬರ ಮುಂದೆ ಹೇಳಿ ಮೇಷ್ಟ್ರೇ" ಎಂದನಂತೆ ಅವನು. ಮಾರನೆಯ ದಿನ ಕೋರ್ಟಿನಲ್ಲಿ ಸಾಲಾಗಿ ನಿಂತ ಸೈಕಲ್ ಸವಾರರನ್ನು ಒಬ್ಬೊಬ್ಬರನ್ನಾಗಿ ಕೂಗಿ "ಒಪ್ಪುತ್ತೀಯಾ?" ಎಂದು ಕೇಳುತ್ತಿದ್ದರು. ಎಲ್ಲರೂ "ತಪ್ಪಾಯಿತು ಸ್ವಾಮಿ" ಎನ್ನುತ್ತಿದ್ದರು. ಅಪ್ಪನೂ ಹಾಗೆಯೇ ಎಂದರು. "ದೀಪ ಅಷ್ಟು ಹೊತ್ತಿಗೆ ತಣ್ಣಗಾಗಿತ್ತಲ್ಲ, ಯಾರಿಗೆ ಮುಟ್ಟಿಸಲಿ?" ಎಂದು ಕೊನೆಯವರೆಗೂ ಕೇಳುತ್ತಿದ್ದರು. ಎರಡು ರೂಪಾಯಿಯ ಬಗ್ಗೆ ಅವರಿಗೆ ದುಃಖವಿರಲಿಲ್ಲ. ಮಾಡದ ತಪ್ಪನ್ನು ತಮ್ಮ ಬಾಯಿಂದಲೇ ಒಪ್ಪಿಕೊಂಡೆನಲ್ಲ ಎಂಬುದೇ ಅವರ ಸಂಕಟ.

ಈ ರಸೀತಿಯನ್ನು ಕೈಯಲ್ಲಿ ಹಿಡಿದು ಕುಳಿತಾಗ, ದಾರಿಯ ಮೇಲೆ ಗಾಡಿ ಓಡಿಸುವವನ ತಪ್ಪನ್ನು ಮನುಷ್ಯರು ಹೇಗೆ ವಿಚಾರಿಸುತ್ತ ಬಂದರು ಎಂದು ತಿಳಿಯುವ ಆಸೆ ನನಗೆ ಹುಟ್ಟಿತು. ನಾನು ವಕೀಲನಲ್ಲ, ಕನ್ನಡ ಪಾಠ ಹೇಳುವವನು. ಆದ್ದರಿಂದ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮಾತುಗಳು. ದಂಡವೆಂದರೆ ಕೋಲು, ಆ ಕೋಲಿನಿಂದ ಬಂದ ಶಿಕ್ಷೆ, ಶಿಕ್ಷೆಯಾಗಿ ತೆತ್ತ ಹಣ. ಕೊನೆಗೆ "ಹೋದದ್ದೆಲ್ಲ ದಂಡವಾಯಿತು" ಎನ್ನುವಾಗ ಬರಿಯ ನಷ್ಟ. ನಾವು ದಿನವೂ ಆಡುವ 'ಚಲನ್' ಎಂಬ ಮಾತಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಿಂದೂಸ್ತಾನಿಯ ಈ ಶಬ್ದಕ್ಕೆ ಕಳುಹಿಸಿಕೊಡುವುದೆಂದು ಅರ್ಥ. ಆರೋಪಿಯನ್ನು ಕೋರ್ಟಿಗೆ ಕಳುಹಿಸುವುದಕ್ಕೆ ಉತ್ತರದ ಪೋಲೀಸರು 'ಚಾಲಾನ್' ಎನ್ನುತ್ತಾರೆ. ಎಂದರೆ, ದಾರಿಯಲ್ಲಿ ನಮ್ಮ ಕೈಗೆ ಬರುವ ಚೀಟಿ ಹುಟ್ಟಿನಿಂದ ತೀರ್ಪಲ್ಲ. ನಿನ್ನ ಮೇಲೆ ಒಂದು ಆರೋಪವಿದೆ, ಕೇಳುವವರ ಬಳಿಗೆ ಹೋಗು ಎಂಬ ಕಳುಹು ಅದು.

ಈ ಕೇಳುವ ಪದ್ಧತಿ ನಮ್ಮಲ್ಲಿ ಮೋಟಾರಿಗಿಂತ ಬಹಳ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದಾದ ಅಪಘಾತದ ಪ್ರಕರಣವಿದೆ. ಹತ್ತು ಸಂದರ್ಭಗಳಲ್ಲಿ ಗಾಡಿಯವನಿಗೆ ಶಿಕ್ಷೆಯಿಲ್ಲವೆಂದು ಅಲ್ಲಿ ಎಣಿಸಿದೆ: ಮೂಗುದಾರ ಕಿತ್ತರೆ, ನೊಗ ಮುರಿದರೆ, ಅಚ್ಚು ಮುರಿದರೆ, "ದಾರಿ ಬಿಡಿ" ಎಂದು ಅವನು ಕೂಗಿ ಹೇಳಿದ್ದರೆ, ಹೀಗೆ. ಹೊಡೆಯಲು ಬಾರದವನ ಕೈಯಲ್ಲಿ ಗಾಡಿ ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಅಂಥವನ ಗಾಡಿಯಲ್ಲಿ ಹತ್ತಿ ಕುಳಿತವರಿಗೂ ತಲೆಗೆ ನೂರು ಪಣ! ಆ ಗ್ರಂಥದ ಬೇರೆ ಮಾತುಗಳ ಮೇಲೆ ನಮಗೆ ಎಷ್ಟು ಜಗಳವಿದ್ದರೂ ಇಲ್ಲಿಯ ಒಂದು ವಿವೇಕವನ್ನು ಒಪ್ಪಬೇಕು. ಶಿಕ್ಷೆಗೆ ಮುಂಚೆ ಮೂಗುದಾರವನ್ನು ನೋಡು ಎನ್ನುತ್ತದೆ ಅದು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಹಸ್ತಪ್ರತಿಯಿಂದ ಬೆಳಕಿಗೆ ತಂದವರು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಮಾಡಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರತಂದರು. ಅದರಲ್ಲಿ ಹೀಗಿದೆ: ಗಾಡಿ ಹೊಡೆಯುವವನು ಚಿಕ್ಕ ಹುಡುಗನಾದರೆ ಶಿಕ್ಷೆ ಗಾಡಿಯಲ್ಲಿರುವ ಒಡೆಯನಿಗೆ, ಹುಡುಗ ಒಬ್ಬನೇ ಹೊಡೆದುಕೊಂಡು ಬಂದರೆ ಗಾಡಿ ರಾಜನ ಪಾಲು. 2019ರ ತಿದ್ದುಪಡಿಯಲ್ಲಿ ನಮ್ಮ ಮೋಟಾರು ಕಾಯಿದೆಗೆ ಸೇರಿದ 199ಎ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಪ್ರಾಪ್ತ ವಯಸ್ಸಿನ ಹುಡುಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, ಇಪ್ಪತ್ತೈದು ಸಾವಿರ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಎರಡು ಸಾವಿರ ವರ್ಷದಲ್ಲಿ ಎತ್ತು ಹೋಗಿ ಎಂಜಿನ್ನು ಬಂದಿತು. ಮಗನ ಕೈಗೆ ಗಾಡಿ ಕೊಡುವ ಅಪ್ಪ ಮಾತ್ರ ಹಾಗೆಯೇ ಇದ್ದಾನೆ.

ಇನ್ನು ಮೋಟಾರಿನ ಕಾಲಕ್ಕೆ ಬರೋಣ. ನಮ್ಮ ಕಾಯಿದೆಗಳ ತವರು ಇಂಗ್ಲೆಂಡಾದ್ದರಿಂದ ಅಲ್ಲಿಂದಲೇ ಹೊರಡಬೇಕು. 1865ರ ಅಲ್ಲಿಯ ಕಾಯಿದೆಯಂತೆ ಯಂತ್ರದ ಗಾಡಿ ಊರೊಳಗೆ ಗಂಟೆಗೆ ಎರಡು ಮೈಲಿ, ಹೊರಗೆ ನಾಲ್ಕು ಮೈಲಿ ಮೀರಬಾರದು. ಅರವತ್ತು ಗಜ ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕು. 1896ರ ಜನವರಿಯಲ್ಲಿ ಕೆಂಟ್ ಸೀಮೆಯ ಪ್ಯಾಡಕ್ ವುಡ್ ಎಂಬಲ್ಲಿ ವಾಲ್ಟರ್ ಆರ್ನಲ್ಡ್ ಎಂಬಾತ ಗಂಟೆಗೆ ಎಂಟು ಮೈಲಿಯ "ಭಯಂಕರ" ವೇಗದಲ್ಲಿ ಹೋದ. ಊರಿನ ಪೋಲೀಸಿನವನು ಸೈಕಲ್ಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದ. ವೇಗದ ತಪ್ಪಿಗೆ ದಂಡ ಒಂದು ಷಿಲಿಂಗು. 1903ರ ಮೋಟಾರ್ ಕಾರ್ ಕಾಯಿದೆ ಮಿತಿಯನ್ನು ಇಪ್ಪತ್ತು ಮೈಲಿಗೆ ಏರಿಸಿ, ಗಾಡಿಗೆ ನಂಬರನ್ನೂ ಓಡಿಸುವವನಿಗೆ ಲೈಸೆನ್ಸನ್ನೂ ಕಡ್ಡಾಯ ಮಾಡಿತು.

ಆಮೇಲೆ ಬೇಲಿಯ ಮರೆಯಲ್ಲಿ ಗಡಿಯಾರ ಹಿಡಿದು ಕೂರುವ ಪೋಲೀಸರ ಕಾಲ ಬಂದಿತು. ಅವರಿಂದ ತಪ್ಪಿಸಿಕೊಳ್ಳಲೆಂದೇ 1905ರಲ್ಲಿ ವಾಹನ ಮಾಲೀಕರು ಆಟೊಮೊಬೈಲ್ ಅಸೋಸಿಯೇಷನ್ ಕಟ್ಟಿಕೊಂಡರು. ಅದರ ಕಾವಲುಗಾರರು ದಾರಿಯಲ್ಲಿ ನಿಂತು, ಮುಂದೆ ಪೋಲೀಸರಿದ್ದಾರೆ ಎಂದು ಸದಸ್ಯರಿಗೆ ಎಚ್ಚರಿಕೆ ಕೊಡುತ್ತಿದ್ದರು. ಇದು ಪೋಲೀಸರ ಕೆಲಸಕ್ಕೆ ಅಡ್ಡಿಯೆಂದು ಕೋರ್ಟು ತೀರ್ಪಿತ್ತಿತು. ಅವರೇನು ಮಾಡಿದರು? ಸದಸ್ಯರ ಗಾಡಿ ಬಂದಾಗ ಸಲಾಮು ಹೊಡೆಯುವುದನ್ನು ರೂಢಿಯಾಗಿಟ್ಟುಕೊಂಡು, ಪೋಲೀಸರಿದ್ದ ಕಡೆ ಸಲಾಮು ಹೊಡೆಯದೆ ಸುಮ್ಮನೆ ನಿಂತರು. ಸುಮ್ಮನೆ ನಿಂತವನ ಮೇಲೆ ಮೊಕದ್ದಮೆ ಹೂಡುವುದು ಹೇಗೆ? ಎದುರಿನಿಂದ ಬರುವ ಲಾರಿಯವನು ದೀಪ ಮಿಣುಕಿಸಿ ಸುಳಿವು ಕೊಡುವುದನ್ನು ಕಂಡ ನಮಗೆ ಈ ಜಾಣತನ ಹೊಸದೇನೂ ಅಲ್ಲ.

ಭಾರತದಲ್ಲಿ ಮೋಟಾರಿಗಿಂತ ಮೊದಲು ಬಂದದ್ದು ಅದರ ಶಿಕ್ಷೆ! 1860ರ ದಂಡಸಂಹಿತೆಯ 279ನೆಯ ಪ್ರಕರಣ ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದಲೋ ಅಜಾಗರೂಕತೆಯಿಂದಲೋ ಗಾಡಿ ಹೊಡೆಯುವವನಿಗೆ, ಕುದುರೆ ಓಡಿಸುವವನಿಗೆ, ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಪ್ರಕರಣದಲ್ಲೂ ಅದೇ ಆರು ತಿಂಗಳು, ಅದೇ ಸಾವಿರ ರೂಪಾಯಿ. 1860ರಲ್ಲಿ ಸಾವಿರವೆಂದರೆ ಮನೆ ಮಾರಬೇಕಿತ್ತು. ಈಗ ಒಂದು ಊಟದ ಬಿಲ್ಲು. ಅಜಾಗರೂಕತೆಯಿಂದ ಸಾವಾದರೆ ಶಿಕ್ಷೆಯೆಂಬ 304ಎ ಪ್ರಕರಣ 1870ರಲ್ಲಿ ಸೇರಿತು. ಅದರ ಎರಡು ವರ್ಷದ ಸೆರೆಯನ್ನು ಹೊಸ ಸಂಹಿತೆ ಐದು ವರ್ಷಕ್ಕೆ ಏರಿಸಿತು. ಅಪಘಾತ ಮಾಡಿ ಓಡಿಹೋದವನಿಗೆ ಹತ್ತು ವರ್ಷವೆಂಬ ಉಪಪ್ರಕರಣಕ್ಕೆ ಲಾರಿ ಚಾಲಕರು 2024ರ ಜನವರಿಯಲ್ಲಿ ಮುಷ್ಕರ ಹೂಡಿದರು. ಜುಲೈಯಲ್ಲಿ ಉಳಿದದ್ದೆಲ್ಲ ಜಾರಿಗೆ ಬಂದರೂ ಅದೊಂದನ್ನು ತಡೆಹಿಡಿದರು.

ಮೋಟಾರಿಗೆಂದೇ ಬಂದ ಕಾಯಿದೆಗಳು ಮೂರು: 1914, 1939, 1988. ಇವುಗಳಲ್ಲಿ 1939ರದನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. ಸಣ್ಣ ತಪ್ಪಿಗಾಗಿ ಚಾಲಕನು ಕೆಲಸ ಬಿಟ್ಟು ದೂರದ ಕೋರ್ಟಿಗೆ ಅಲೆಯದಿರಲೆಂದು ಅದು ಒಂದು ಅನುಕೂಲ ಮಾಡಿತು. ಸಮನ್ಸಿನಲ್ಲಿಯೇ ಎರಡು ದಾರಿ ಬರೆದು ಕಳುಹಿಸಬೇಕು: ವಕೀಲರ ಮೂಲಕ ಹಾಜರಾಗಬಹುದು, ಇಲ್ಲವೆ ರಿಜಿಸ್ಟರ್ಡ್ ಅಂಚೆಯಲ್ಲಿ ತಪ್ಪೊಪ್ಪಿ ಹಣ ಕಳುಹಿಸಬಹುದು. ಇಂಗ್ಲೆಂಡಿನ ಕೋರ್ಟುಗಳಿಗೆ ಅಂಚೆಯ ತಪ್ಪೊಪ್ಪಿಗೆ ಬಂದದ್ದು 1957ರಲ್ಲಿ. 1988ರ ಕಾಯಿದೆಯ 208ನೆಯ ಪ್ರಕರಣವೂ ಆ ಅನುಕೂಲವನ್ನು ಉಳಿಸಿಕೊಂಡಿತು. 200ನೆಯ ಪ್ರಕರಣ ಇನ್ನೂ ಹತ್ತಿರದ ದಾರಿ ತೋರಿತು: ಸರ್ಕಾರ ಗೊತ್ತುಮಾಡಿದ ಅಧಿಕಾರಿಯ ಕೈಯಲ್ಲಿ ಗೊತ್ತಾದ ಮೊತ್ತ ಕಟ್ಟಿ ರಾಜಿ ಮಾಡಿಕೊಂಡರೆ ಕೋರ್ಟಿನ ಮುಖವನ್ನೇ ನೋಡಬೇಕಾಗಿಲ್ಲ. ಕುಡಿದು ಓಡಿಸಿದವನಿಗೆ ಮಾತ್ರ ಈ ರಾಜಿಯಿಲ್ಲ, ಅವನು ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು.

ಪೋಲೀಸಿನವರ ಅಧಿಕಾರವೇನೆಂದು ನಮ್ಮಲ್ಲಿ ಓದಿದವರಿಗೂ ಸರಿಯಾಗಿ ತಿಳಿಯದು. ಸಮವಸ್ತ್ರದಲ್ಲಿರುವ ಪೋಲೀಸಿನವರು ಲೈಸೆನ್ಸು ಕೇಳಬಹುದು, ನಾವು ತೋರಿಸಬೇಕು. ಲೈಸೆನ್ಸನ್ನು ಇಟ್ಟುಕೊಂಡರೆ ಅವರು ತಾತ್ಕಾಲಿಕ ರಸೀತಿ ಕೊಡಬೇಕು. ಆ ರಸೀತಿಯ ಮೇಲೆ ನಾವು ಗಾಡಿ ಓಡಿಸಬಹುದು. ಕುಡಿದಿದ್ದಾನೆಂಬ ಅನುಮಾನ ಬಂದರೆ ಉಸಿರು ಊದಿಸಬಹುದು. ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ ಮೂವತ್ತು ಮಿಲಿಗ್ರಾಂ ಮೀರಿದರೆ ಅಪರಾಧ. ಹಾಗೆ ಹಿಡಿದವನನ್ನು ಎರಡು ಗಂಟೆಯೊಳಗೆ ವೈದ್ಯರಿಗೆ ತೋರಿಸದಿದ್ದರೆ ಬಿಡಬೇಕು. ನೋಡಿ, ಅಧಿಕಾರ ಕೊಟ್ಟ ಕಡೆಯಲ್ಲೆಲ್ಲ ಕಾಯಿದೆ ಒಂದು ಕಡಿವಾಣವನ್ನೂ ಹಾಕಿದೆ. ಆದರೆ ಕಡಿವಾಣ ಇದೆಯೆಂದು ತಿಳಿಯದವನಿಗೆ ಅದು ಇಲ್ಲದಂತೆಯೇ.

ದಂಡವೇ ಬೇಡವೆಂದು ನಾನು ಹೇಳುತ್ತಿಲ್ಲ. 2022ನೆಯ ಒಂದೇ ವರ್ಷ ಈ ದೇಶದ ದಾರಿಗಳಲ್ಲಿ ಸತ್ತವರು 1,68,491 ಮಂದಿ. 2019ರ ಸೆಪ್ಟೆಂಬರಿನಿಂದ ದಂಡಗಳು ಏರಿದ್ದು ಸುಮ್ಮನೆ ಅಲ್ಲ. ಲೈಸೆನ್ಸಿಲ್ಲದ ಚಾಲನೆಗೆ ಐನೂರು ಇದ್ದದ್ದು ಐದು ಸಾವಿರವಾಯಿತು. ಹೆಲ್ಮೆಟ್ಟಿಲ್ಲದ ಸವಾರಿಗೆ ನೂರಿದ್ದದ್ದು ಸಾವಿರವಾಗಿ, ಕರ್ನಾಟಕ ಅದನ್ನು ಅದೇ ತಿಂಗಳು ಐನೂರಕ್ಕೆ ಇಳಿಸಿತು. ತಪ್ಪು ಮಾಡಿದವನು ತೆರಲಿ. ಆದರೆ ದಾರಿ ಹತ್ತಿರವಾದಷ್ಟೂ ಕೇಳುವ ಕಿವಿ ದೂರವಾಯಿತೇನೋ ಎಂಬುದು ನನ್ನ ಅಳುಕು. ಈಗ ಹಿಡಿಯುವವನು ಕ್ಯಾಮರಾ. ಅದಕ್ಕೆ "ಮುಟ್ಟಿ ನೋಡಿ ಸ್ವಾಮಿ" ಎನ್ನಲಾಗದು.

2023ರ ಫೆಬ್ರವರಿಯಲ್ಲಿ ಬಾಕಿ ದಂಡವನ್ನು ಅರ್ಧಕ್ಕೆ ತೀರಿಸಿಕೊಳ್ಳುವ ರಿಯಾಯಿತಿ ನಮ್ಮ ರಾಜ್ಯದಲ್ಲಿ ಬಂದಿತು. ನಾನೂ ಫೋನು ತೆರೆದು ನೋಡಿದೆ. ನನ್ನ ಸ್ಕೂಟರಿನ ಹೆಸರಿನಲ್ಲಿ, ಸಿಗ್ನಲ್ ದಾಟಿದ್ದಕ್ಕೆ ಐನೂರು ರೂಪಾಯಿ ಇತ್ತು. ಚಿತ್ರದಲ್ಲಿದ್ದದ್ದು ಮೋಟಾರ್ ಸೈಕಲ್ಲು! ಮಣ್ಣು ಮೆತ್ತಿದ್ದ ಒಂದಂಕೆಯನ್ನು ಯಂತ್ರ ತಪ್ಪಾಗಿ ಓದಿತ್ತು. ಇನ್ನೂರೈವತ್ತರಲ್ಲಿ ಮುಗಿದುಹೋಗುತ್ತದಲ್ಲ, ಅರ್ಧ ದಿನದ ರಜ ಯಾರು ಹಾಕುವವರು ಎಂದು ಹಣ ಕಟ್ಟಲು ಹೊರಟಿದ್ದೆ. ಪಕ್ಕದಲ್ಲಿ ಅಪ್ಪ ಕುಳಿತಿದ್ದರು.

"ಏನೋ ಅದು?"

"ಏನಿಲ್ಲಪ್ಪ, ನಮ್ಮದಲ್ಲದ ದಂಡ. ಕಟ್ಟಿಬಿಡುತ್ತೇನೆ."

"ದೀಪ ಬಿಸಿಯಾಗಿದೆ ಅಂತ ಹೇಳಿದೆಯಾ?"

ನಾನು ಫೋನು ಕೆಳಗಿಟ್ಟೆ. ಮಾರನೆಯ ದಿನ ಸ್ಕೂಟರಿನ ಚಿತ್ರವನ್ನೂ ನೋಂದಣಿಯ ಪ್ರತಿಯನ್ನೂ ತೆಗೆದುಕೊಂಡು ಹೋದೆ. ಸಾಲಿನಲ್ಲಿ ನಿಂತದ್ದು ಎರಡು ಗಂಟೆ. ಮೇಜಿನ ಆಚೆಯ ಸಿಬ್ಬಂದಿ ಎರಡು ಚಿತ್ರಗಳನ್ನೂ ನೋಡಿ, "ಸರಿ ಸಾರ್, ತೆಗೆಯುತ್ತೇವೆ" ಎಂದರು. ಅಷ್ಟೇ. ನನ್ನ ಹಿಂದೆ ಮುಂದೆ ನಿಂತವರಲ್ಲಿ ಹೆಚ್ಚಿನವರು ಚಿತ್ರವನ್ನೂ ನೋಡದೆ ಕಟ್ಟಿ ಹೋಗುತ್ತಿದ್ದರು.

ಆಮೇಲೆ ಓದಿ ತಿಳಿದ ಎರಡು ಸಂಗತಿಗಳನ್ನು ಅಪ್ಪನಿಗೆ ಹೇಳಿದ್ದೆ. ಯಂತ್ರ ಹಿಡಿದ ತಪ್ಪಿಗೆ ಹದಿನೈದು ದಿನದೊಳಗೆ ನೋಟೀಸು ಕಳುಹಿಸಬೇಕು, ವ್ಯವಹಾರ ಇತ್ಯರ್ಥವಾಗುವವರೆಗೆ ಆ ದಾಖಲೆಯನ್ನು ಕಾಪಾಡಬೇಕು ಎಂದು 2021ರ ಕೇಂದ್ರ ನಿಯಮ ವಿಧಿಸಿತ್ತು. ಇದು ಒಂದು. ತಪ್ಪೊಪ್ಪಿಕೊಂಡ ಆರೋಪಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಸಾಧ್ಯವಾದಷ್ಟೂ ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕೆಂದು ಆಗಿನ ದಂಡ ಪ್ರಕ್ರಿಯೆಯ ಸಂಹಿತೆ ಹೇಳುತ್ತಿತ್ತು. ಇದು ಇನ್ನೊಂದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಈಗ ದೀಪ ತಣ್ಣಗಾಗದಂತೆ ಇಟ್ಟಿರುತ್ತಾರೆ ಅನ್ನು" ಎಂದರು. ಮತ್ತೆ, "ನಮ್ಮದೇ ಮಾತಿನಲ್ಲಿ ಬರೆದುಕೊಳ್ಳಬೇಕಿತ್ತೇ? ಅವತ್ತು ನನಗೆ ಗೊತ್ತಿರಲಿಲ್ಲ" ಎಂದರು.

ರಸೀತಿಯನ್ನು ಮಡಿಸಿ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಈ ವರ್ಷ ನನ್ನ ಮಗನಿಗೆ ಹದಿನೆಂಟು ತುಂಬುತ್ತದೆ. ಲೈಸೆನ್ಸು ಬಂದ ದಿನ ಅವನ ಕೈಗೆ ಅದನ್ನು ಕೊಡಬೇಕೆಂದಿದ್ದೇನೆ.